ಚಕ್ರ ಬಿಚ್ಚಿಕೊಟ್ಟ ಹುಡುಗ: ರೆನೆ ವಿಯೆಟ್ಟೊ

ಸೈಕಲ್ ರೇಸ್ ಅಂದ್ರೆ ಒಬ್ಬೊಬ್ಬರ ಆಟ ಅಂತ ನಾವು ಬಹಳ ಜನ ಅಂದುಕೊಂಡಿರ್ತೀವಿ. ಆದರೆ ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಗೊತ್ತು, ವೇಗ ಹೆಚ್ಚಿದಂತೆ ಸವಾರನ ದೊಡ್ಡ ಶತ್ರು ಗಾಳಿ. ಮುಂದಿರುವವನು ಗಾಳಿ ಸೀಳಿದರೆ ಹಿಂದಿನವನ ಶಕ್ತಿ ಉಳಿಯುತ್ತದೆ. ಹಾಗಾಗಿ ತಂಡದಲ್ಲಿ ಒಬ್ಬ ನಾಯಕ, ಉಳಿದವರೆಲ್ಲ ಅವನಿಗಾಗಿ ದುಡಿಯುವವರು. ಫ್ರೆಂಚರು ಇವರನ್ನು ಡೊಮೆಸ್ಟಿಕ್ ಅಂತಾರೆ, ಅಂದರೆ ಮನೆಯಾಳು!

ರೆನೆ ವಿಯೆಟ್ಟೊ ಹುಟ್ಟಿದ್ದು 1914ರಲ್ಲಿ, ಫ್ರಾನ್ಸಿನ ಕಾನ್ ಪಟ್ಟಣದ ಪಕ್ಕದಲ್ಲಿ. ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗ. 1934ರಲ್ಲಿ, ಇಪ್ಪತ್ತನೇ ವಯಸ್ಸಿಗೇ, ಟೂರ್ ಡಿ ಫ್ರಾನ್ಸ್‌ಗೆ ಫ್ರಾನ್ಸ್ ತಂಡ ಸೇರಿದ. ನಾಯಕ ಆಂಟೊನಾನ್ ಮಾನ್ಯ್, 1931ರಲ್ಲೇ ಟೂರ್ ಗೆದ್ದವನು. ಈ ಹುಡುಗ ಆಲ್ಪ್ಸ್ ಬೆಟ್ಟಗಳಲ್ಲಿ ಹಂತದ ಮೇಲೆ ಹಂತ ಗೆದ್ದು ಇಡೀ ದೇಶದ ಕಣ್ಮಣಿಯಾದ.

ಆಮೇಲೆ ಪಿರೆನೀಸ್ ಬಂತು. ಪ್ಯುಯಿಮೊರೆನ್ಸ್ ಇಳಿಜಾರಿನಲ್ಲಿ ಮಾನ್ಯ್ ಚಕ್ರ ಮುರಿಯಿತು. ವಿಯೆಟ್ಟೊ ತನ್ನ ಮುಂದಿನ ಚಕ್ರ ಬಿಚ್ಚಿ ಕೊಟ್ಟ. ಬೇರೆ ಚಕ್ರ ಬರೋವರೆಗೂ ರಸ್ತೆ ಬದಿಯ ಕಲ್ಲುಗೋಡೆ ಮೇಲೆ ಅಳುತ್ತಾ ಕೂತ. ಆ ಫೋಟೋ ಅವನನ್ನು ಅಮರನನ್ನಾಗಿಸಿತು.

ನಮಗೆ ಮಾತ್ರ ಮರುದಿನದ್ದೇ ದೊಡ್ಡದು ಅನ್ಸುತ್ತೆ. ಪೋರ್ಟೆ ದಾಸ್ಪೆ ಬೆಟ್ಟದಲ್ಲಿ ಮಾನ್ಯ್ ಸೈಕಲ್ ಮತ್ತೆ ಕೈಕೊಟ್ಟಿತು. ವಿಯೆಟ್ಟೊ ಆಗಲೇ ಮುಂದೆ ಹೋಗಿದ್ದ. ವಿಷಯ ತಿಳಿದವನೇ ಸೈಕಲ್ ತಿರುಗಿಸಿ, ಇಳಿದ ದಾರಿಯನ್ನೇ ಮತ್ತೆ ಹತ್ತಿ ಬಂದು ನೆರವಾದ. ಮೊದಲ ದಿನ ನಾಯಕ ಕಣ್ಣೆದುರಿಗೇ ಇದ್ದ, ಇಲ್ಲ ಅನ್ನೋಕೆ ಆಗ್ತಿರಲಿಲ್ಲ. ಎರಡನೇ ದಿನ ಹಾಗಲ್ಲ, ಸುಮ್ಮನೆ ಮುಂದೆ ಹೋಗಬಹುದಿತ್ತು.

ಟೂರ್ ಮಾನ್ಯ್ ಗೆದ್ದ. ವಿಯೆಟ್ಟೊಗೆ ನಾಲ್ಕು ಹಂತಗಳ ಗೆಲುವು, ಬೆಟ್ಟಗಳ ಬಹುಮಾನ, ಒಟ್ಟಾರೆ 5ನೇ ಸ್ಥಾನ. ಚಕ್ರ ಕೊಡದಿದ್ದರೆ ಅವನೇ ಗೆಲ್ತಿದ್ದ ಅಂತ ಹೇಳುವವರು ಇವತ್ತಿಗೂ ಇದ್ದಾರೆ. ಲೆಕ್ಕ ಒಪ್ಪಲ್ಲ. ಮಾನ್ಯ್‌ಗಿಂತ ಅವನು ಹಿಂದಿದ್ದದ್ದು ಸುಮಾರು ಒಂದು ಗಂಟೆ. ಗೋಡೆ ಮೇಲೆ ಕಳೆದದ್ದು ಕೆಲವೇ ನಿಮಿಷ. ಸಪಾಟು ರಸ್ತೆಗಳಲ್ಲೇ ಅವನು ಬಹಳ ಕಳೆದುಕೊಂಡಿದ್ದ. ಹಾಗಂತ ತ್ಯಾಗ ಸಣ್ಣದಾಗಲ್ಲ. ಇಪ್ಪತ್ತರ ಹುಡುಗ ಅಲ್ಲಿ ಕೂತು ಲೆಕ್ಕ ಹಾಕ್ತಿರಲಿಲ್ಲವಲ್ಲ.

1939ರಲ್ಲಿ ಎರಡನೇ ಸ್ಥಾನ. ಅಷ್ಟರಲ್ಲಿ ಯುದ್ಧ ಬಂದು ಅವನ ಒಳ್ಳೆಯ ವರ್ಷಗಳನ್ನೆಲ್ಲ ತಿಂದುಹಾಕಿತು. 1947ರಲ್ಲಿ, ಮೂವತ್ತಮೂರನೇ ವಯಸ್ಸಿನಲ್ಲಿ, ಬಹಳ ದಿನ ಹಳದಿ ಅಂಗಿ ತೊಟ್ಟ. ಪ್ಯಾರಿಸ್ ಹತ್ತಿರವಾದಾಗ 139 ಕಿಲೋಮೀಟರ್‌ನ ಟೈಮ್ ಟ್ರಯಲ್ ಎದುರಾಯಿತು. ಅಲ್ಲಿ ಒಬ್ಬೊಬ್ಬರೇ ಓಡಿಸಬೇಕು, ಯಾರ ಬೆನ್ನ ಹಿಂದೆಯೂ ಅಡಗೋ ಹಾಗಿಲ್ಲ. ಹಳದಿ ಅಂಗಿ ಹೋಯಿತು, ಮತ್ತೆ 5ನೇ ಸ್ಥಾನ.

ಅವನ ಬಗ್ಗೆ ಇನ್ನೊಂದು ಕಥೆಯಿದೆ, ನಿಜವೋ ದಂತಕಥೆಯೋ. ಕೆಟ್ಟುಹೋದ ತನ್ನ ಕಾಲ್ಬೆರಳನ್ನು ಕತ್ತರಿಸಿ ತೆಗೆಸಿದ ಮೇಲೆ, ತನ್ನ ನೆಚ್ಚಿನ ಸಹಸವಾರ ಅಪೊ ಲಜಾರಿಡೆಸ್‌ಗೂ ಒಂದು ಬೆರಳು ತೆಗೆಸಿಕೋ ಅಂದನಂತೆ, ಅವನು ತೆಗೆಸಿಕೊಂಡನಂತೆ! ಚಕ್ರ ಕೊಟ್ಟು ಅತ್ತವನು ನಾಯಕನಾದ ಮೇಲೆ ಏನು ಕೇಳಿದ ನೋಡಿ. ಈ ಕಥೆ ನಮಗೆ ಅಷ್ಟು ಹಿಡಿಸಲ್ಲ, ಆದರೂ ಬಿಟ್ಟು ಬರೆಯೋಕೆ ಮನಸ್ಸಾಗಲಿಲ್ಲ.

ವಿಯೆಟ್ಟೊ 1988ರಲ್ಲಿ ತೀರಿಕೊಂಡ. ನೀಸ್ ನಗರದ ಹಿಂದಿನ ಬ್ರೌಸ್ ಬೆಟ್ಟದ ರಸ್ತೆಯಲ್ಲಿ ಅವನ ಸ್ಮಾರಕವಿದೆ. ಟೂರ್ ಅವನು ಕೊನೆಗೂ ಗೆಲ್ಲಲಿಲ್ಲ.