ಇನ್ಸುಲಿನ್ ಪೆನ್‌ಗೂ ಮೊದಲು ಡೋಸ್ ತಿರುಗಿಸಿದ ಡಾಕ್ಟರ್ ಪ್ರವಾಜ್

ಇನ್ಸುಲಿನ್ ಪೆನ್‌ನ ತುದಿಯನ್ನು ಟಿಕ್ ಟಿಕ್ ಎಂದು ತಿರುಗಿಸಿ ಡೋಸ್ ಇಡುವುದನ್ನು ನಾವೆಲ್ಲ ನೋಡಿದ್ದೇವೆ. ಮದ್ದನ್ನು ತಿರುಗಿಸಿ ಅಳೆಯುವ ಈ ಉಪಾಯ 1853ರಷ್ಟು ಹಳೆಯದು. ಅದರ ಹಿಂದಿದ್ದವರು ಫ್ರಾನ್ಸಿನ ಶಾರ್ಲ್ ಪ್ರವಾಜ್.

1791ರಲ್ಲಿ ಹುಟ್ಟಿದ ಪ್ರವಾಜ್ ಮೂಳೆ ವೈದ್ಯರು. ಲಿಯೋನ್ ನಗರದಲ್ಲಿ ಬೆನ್ನು ಸೊಟ್ಟಗಾದವರಿಗೆ ಚಿಕಿತ್ಸೆ ಕೊಡುತ್ತಿದ್ದರು. ಆದರೆ ಅವರಿಗೆ ಹೆಸರು ತಂದದ್ದು ಬೇರೆಯೇ ಕಾಯಿಲೆ. ರಕ್ತನಾಳ ಒಂದು ಕಡೆ ಬಲೂನಿನಂತೆ ಊದಿಕೊಳ್ಳುತ್ತದೆ, ಒಡೆದರೆ ಜೀವಕ್ಕೇ ಕುತ್ತು. ಊದಿದ ಜಾಗದ ರಕ್ತವನ್ನು ಫೆರಿಕ್ ಕ್ಲೋರೈಡ್ ಹಾಕಿ ಹೆಪ್ಪುಗಟ್ಟಿಸಬಹುದೆಂದು ಅವರು ಯೋಚಿಸಿದರು. ಆದರೆ ಅದು ಕಟುವಾದ ರಾಸಾಯನಿಕ, ಹನಿಯ ಲೆಕ್ಕ ತಪ್ಪುವಂತಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಎಷ್ಟು ಹೋಯಿತೆಂದು ಯಾರಿಗೆ ಗೊತ್ತು? ಹಾಗಾಗಿ ಸುಮಾರು 3 ಸೆಂ.ಮೀ. ಉದ್ದದ ಬೆಳ್ಳಿಯ ಸಿರಿಂಜ್ ಮಾಡಿಸಿ, ಪಿಸ್ಟನ್‌ಗೆ ಸ್ಕ್ರೂ ಕೂರಿಸಿದರು. ಸುತ್ತು ಎಣಿಸಿದರೆ ಸಾಕು, ಹನಿ ಎಣಿಸಿದಂತೆಯೇ. ಪ್ರಾಣಿಗಳ ಮೇಲೆ ಪ್ರಯೋಗವೂ ಆಯಿತು. ಅದೇ ವರ್ಷ ಅವರು ತೀರಿಕೊಂಡರು.

ಚರ್ಮದಡಿ ಇಂಜೆಕ್ಷನ್ ಕೊಟ್ಟ ಮೊದಲಿಗರು ಪ್ರವಾಜ್ ಎಂಬ ಮಾತು ನಿಮಗೂ ಬಂದಿರಬಹುದು. ಅದು ತಪ್ಪು. 1844ರಲ್ಲೇ ಡಬ್ಲಿನ್‌ನ ಫ್ರಾನ್ಸಿಸ್ ರಿಂಡ್ ಹಾಗೆ ಮದ್ದು ಕೊಟ್ಟಿದ್ದರು. ಪ್ರವಾಜ್ ಗುರಿ ರಕ್ತನಾಳ. ಆದರೂ ಫ್ರಾನ್ಸಿನಲ್ಲಿ ಸಿರಿಂಜ್‌ಗೆ ಅವರ ಹೆಸರೇ ಅಂಟಿಕೊಂಡಿತು.

ಇನ್ಸುಲಿನ್ ಪೆನ್ ಮಾರುಕಟ್ಟೆಗೆ ಬಂದದ್ದು 1985ರಲ್ಲಿ. ಒಳಗಿನ ಸ್ಕ್ರೂ ರಬ್ಬರ್ ಬಿರಡೆಯನ್ನು ತಳ್ಳುತ್ತದೆ. ಸೂಜಿ ಬಹಳ ಸಣ್ಣದಾದ್ದರಿಂದ ಮದ್ದು ಪೂರ್ತಿ ಇಳಿಯಲು ಕೆಲವು ಕ್ಷಣ ಬೇಕು. ಗುಂಡಿ ಒತ್ತಿದ ಮೇಲೂ ನಿಧಾನವಾಗಿ ಹತ್ತು ಎಣಿಸಿ ಸೂಜಿ ತೆಗೆಯಿರಿ ಎನ್ನುವುದು ಇದಕ್ಕೇ.