ಹದಿನೈದು ಬಿಲ್ಲೆಗಳು ಮತ್ತು ಒಂದು ಸುಳ್ಳು

ಇಂದು ಮೊಬೈಲ್ ತೆರೆಯ ಮೇಲೆ ಮಕ್ಕಳೂ ಹಿರಿಯರೂ ಆಡುವ ಹಲವು ಒಗಟಿನ ಆಟಗಳಿಗೆ ಒಂದೇ ಕಟ್ಟಳೆ: ನಡೆಗಳು ಇಷ್ಟೇ, ಅಷ್ಟರೊಳಗೆ ಗುರಿ ಮುಟ್ಟಬೇಕು. ಹಳೆಯ ಕಾಲದ ಚೌಕುಳಿ ಚಿತ್ರಗಳನ್ನೇ ಉಳಿಸಿಕೊಂಡ ಆಟಗಳಲ್ಲಂತೂ ಈ ಮಿತವ್ಯಯವೇ ಮುಖ್ಯ ಆಕರ್ಷಣೆ. ಅರ್ಥಶಾಸ್ತ್ರ ಓದಿದವರಿಗೆ ಇದು ಪರಿಚಿತ ಸಂಗತಿ. ಕೊರತೆ ಇದ್ದಲ್ಲಿಯೇ ಆಯ್ಕೆಗೆ ಬೆಲೆ. ಇಂತಹ ಒಗಟುಗಳ ರುಚಿಯನ್ನು ಪತ್ರಿಕೆಗಳ ಮೂಲಕ ಮನೆಮನೆಗೆ ಹಂಚಿದವರಲ್ಲಿ ಅಮೆರಿಕದ ಸ್ಯಾಮ್ ಲಾಯ್ಡ್ ಪ್ರಮುಖ.

1841ರಲ್ಲಿ ಫಿಲಡೆಲ್ಫಿಯಾದಲ್ಲಿ ಜನಿಸಿದ ಲಾಯ್ಡ್ ಹದಿಹರೆಯದಲ್ಲಿಯೇ ಚದುರಂಗದ ಸಮಸ್ಯೆಗಳನ್ನು ರಚಿಸಿ ಹೆಸರಾದ. ನಿಗದಿತ ನಡೆಗಳಲ್ಲಿ ಎದುರಾಳಿಯ ರಾಜನನ್ನು ಕಟ್ಟಿಹಾಕುವುದು ಇಂತಹ ಸಮಸ್ಯೆಗಳ ಷರತ್ತು. 1861ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ‘ಎಕ್ಸೆಲ್ಸಿಯರ್’ ಐದು ನಡೆಗಳದು. ಮೊದಲ ಮನೆಯಲ್ಲಿಯೇ ನಿಂತ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕಾಲಾಳೊಂದು ಐದೂ ನಡೆಗಳನ್ನು ತಾನೇ ನಡೆದು, ಕೊನೆಗೆ ಬಡ್ತಿ ಪಡೆದು ಆಟ ಮುಗಿಸುತ್ತದೆ. ಸ್ವತಃ ಆಟಗಾರನಾಗಿ ಲಾಯ್ಡ್ ಅಷ್ಟು ಮೇಲೇರಲಿಲ್ಲ; 1867ರ ಪ್ಯಾರಿಸ್ ಪಂದ್ಯಾವಳಿಯಲ್ಲಿ ಕೆಳಗಿನ ಸಾಲಿನಲ್ಲಿಯೇ ಉಳಿದ. ಮುಂದೆ ಜಾಹೀರಾತು ಮತ್ತು ಪತ್ರಿಕೆಗಳಿಗೆ ಒಗಟು ಹೆಣೆಯುವುದೇ ಅವನ ಜೀವನೋಪಾಯವಾಯಿತು.

ಆದರೆ ಜನ ಅವನನ್ನು ನೆನೆದದ್ದು ಬೇರೊಂದು ಆಟಕ್ಕಾಗಿ. ಹದಿನಾರು ಮನೆಗಳ ಚೌಕ, ಹದಿನೈದು ಬಿಲ್ಲೆಗಳು, ಒಂದು ಖಾಲಿ ಮನೆ. ಬಿಲ್ಲೆಗಳನ್ನು ಸರಿಸಿ ಅಂಕಿಗಳನ್ನು ಕ್ರಮಕ್ಕೆ ತರಬೇಕು. 1880ರಲ್ಲಿ ಅಮೆರಿಕ, ಯೂರೋಪುಗಳಿಗೆ ಈ ಆಟದ ಹುಚ್ಚು ಹಿಡಿಯಿತು. 14 ಮತ್ತು 15 ಮಾತ್ರ ಅದಲುಬದಲಾಗಿರುವ ಜೋಡಣೆಯನ್ನು ಸರಿಪಡಿಸಲು ಜನ ನಿದ್ದೆಗೆಟ್ಟರು. ಲಾಯ್ಡ್ ಮುಂದೆ ಇದಕ್ಕೆ ಸಾವಿರ ಡಾಲರ್ ಬಹುಮಾನ ಘೋಷಿಸಿದ. ಹಣ ತೆರುವ ಪ್ರಸಂಗ ಬರುವಂತೆಯೇ ಇರಲಿಲ್ಲ. ಖಾಲಿ ಮನೆ ಮರಳಿ ತನ್ನ ಮೂಲೆಗೆ ಬರಬೇಕಾದರೆ ನಡೆಗಳ ಸಂಖ್ಯೆ ಸಮವಾಗಿರಲೇಬೇಕು; ಎರಡೇ ಬಿಲ್ಲೆಗಳ ಅದಲುಬದಲಿಗೆ ಬೆಸ ಸಂಖ್ಯೆಯ ನಡೆಗಳು ಬೇಕು. ಅದು ಅಸಾಧ್ಯವೆಂದು ಜಾನ್ಸನ್ ಮತ್ತು ಸ್ಟೋರಿ ಎಂಬ ಗಣಿತಜ್ಞರು 1879ರಲ್ಲಿಯೇ ತೋರಿಸಿದ್ದರು. ಬಿಡಿಸಲು ಸಾಧ್ಯವಿರುವ ಯಾವುದೇ ಜೋಡಣೆಗಾದರೆ 80ಕ್ಕಿಂತ ಹೆಚ್ಚು ನಡೆಗಳು ಬೇಡವೆಂಬುದು ಈಚೆಗೆ ಗಣಕಯಂತ್ರದ ನೆರವಿನಿಂದ ಸಿದ್ಧವಾಗಿದೆ.

ಈ ಆಟವನ್ನು ಕಂಡುಹಿಡಿದವನು ತಾನೇ ಎಂದು ಲಾಯ್ಡ್ 1891ರಿಂದ ಹೇಳತೊಡಗಿ, 1911ರಲ್ಲಿ ಸಾಯುವವರೆಗೂ ಹೇಳುತ್ತಲೇ ಇದ್ದ. ಒಂದು ಶತಮಾನ ಕಾಲ ಲೋಕ ಅದನ್ನು ನಂಬಿತು. ಜೆರ್ರಿ ಸ್ಲೋಕಮ್ ಮತ್ತು ಡಿಕ್ ಸೊನ್ನೆವೆಲ್ಡ್ 2006ರಲ್ಲಿ ಪ್ರಕಟಿಸಿದ ಸಂಶೋಧನೆ ಬೇರೆಯೇ ಸಂಗತಿ ಹೇಳಿತು. ನಿಜವಾದ ಕರ್ತೃ ನ್ಯೂಯಾರ್ಕ್ ರಾಜ್ಯದ ಕೆನಸ್ಟೋಟಾ ಎಂಬ ಊರಿನ ಪೋಸ್ಟ್‌ಮಾಸ್ಟರ್ ನಾಯ್ಸ್ ಚಾಪ್‌ಮನ್. 1880ರಲ್ಲಿ ಆತ ಸಲ್ಲಿಸಿದ ಪೇಟೆಂಟ್ ಅರ್ಜಿ ತಿರಸ್ಕೃತವಾಗಿತ್ತು.

ಸರ್ಕಾರಿ ಕಚೇರಿಗಳಲ್ಲಿ ದಶಕಗಳನ್ನು ಕಳೆದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಟಿಪ್ಪಣಿ ಸಿದ್ಧಪಡಿಸಿದ ಗುಮಾಸ್ತನ ಹೆಸರು ಕಡತದೊಳಗೆ ಉಳಿದು, ಶ್ಲಾಘನೆ ಮೇಲಿನವರಿಗೆ ಸಂದದ್ದನ್ನು ಕಂಡಿದ್ದೇನೆ. ಒಮ್ಮೆ ಅಂತಹ ಶ್ಲಾಘನೆಯನ್ನು ಮೌನವಾಗಿ ಸ್ವೀಕರಿಸಿಯೂ ಇದ್ದೇನೆ. ಲಾಯ್ಡ್‌ನ ಚದುರಂಗ ಸಮಸ್ಯೆಗಳು ಅಪ್ಪಟ ಸ್ವಂತದ್ದು. ಅವನ ಕೀರ್ತಿಗೆ ಅವೇ ಸಾಕಾಗಿದ್ದವು. ಎರವಲು ಕೀರ್ತಿಯ ಅಗತ್ಯವೇ ಇಲ್ಲದವನು ಅದಕ್ಕೆ ಕೈಚಾಚಿದ್ದೇ ವಿಷಾದ. ಆಟದ ಚೌಕದ ಮೇಲೆ ಒಂದು ನಡೆಯನ್ನೂ ವ್ಯರ್ಥ ಮಾಡದ ಆ ಜಾಣ, ಬದುಕಿನ ಕೊನೆಯ ಇಪ್ಪತ್ತು ವರ್ಷಗಳನ್ನು ಒಂದು ಸುಳ್ಳನ್ನು ಕಾಯುವುದಕ್ಕೆ ವೆಚ್ಚ ಮಾಡಿದ.