ಸೀಟಿನಿಂದ ಶುರುವಾದ ಸೈಕಲ್: ಮಿಕೇಲ್ ಪೆಡರ್ಸನ್

ಕಾಲೇಜಿನ ಸೈಕಲ್ ಸ್ಟ್ಯಾಂಡಿಗೆ ಒಂದ್ಸಲ ಹೋಗಿ ನೋಡಿ. ಅಜ್ಜನ ಕಾಲದ ಕಪ್ಪು ಸೈಕಲ್ ಇರಲಿ, ಇಪ್ಪತ್ತೊಂದು ಗೇರಿನ ಹೊಸ ಸೈಕಲ್ ಇರಲಿ, ಬಣ್ಣ ಮತ್ತು ಸ್ಟಿಕ್ಕರ್ ಬಿಟ್ಟರೆ ಹೆಚ್ಚುಕಡಿಮೆ ಎಲ್ಲದರ ಅಸ್ಥಿಪಂಜರ ಒಂದೇ. ಮುಂದೆ ನಾಲ್ಕು ಮೂಲೆಯ ಒಂದು ಚೌಕಟ್ಟು, ಹಿಂದೆ ಒಂದು ತ್ರಿಕೋನ. ಇದೇ ಡೈಮಂಡ್ ಫ್ರೇಮ್. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೋವರ್ ಸೈಕಲ್ ತಂದ ಮೇಲೆ ಕೆಲವೇ ವರ್ಷಗಳಲ್ಲಿ ಈ ಆಕಾರ ಗಟ್ಟಿಯಾಗಿ ಬೇರೂರಿತು. 1888ರಲ್ಲಿ ಡನ್ಲಪ್‌ನ ಗಾಳಿ ಟೈರು ಬಂತು. ಅಲ್ಲಿಗೆ ಸೈಕಲ್ಲಿನ ಡಿಸೈನ್ ಕಥೆ ಮುಗೀತು ಅಂತ ಬಹಳ ಜನ ಅಂದುಕೊಂಡರು.

ಹಾಗೆ ಅಂದುಕೊಳ್ಳದ ಒಬ್ಬ ಮನುಷ್ಯ ಡೆನ್ಮಾರ್ಕಿನಲ್ಲಿದ್ದ. ಹೆಸರು ಮಿಕೇಲ್ ಪೆಡರ್ಸನ್. ಎಂಜಿನಿಯರಿಂಗ್ ಡ್ರಾಯಿಂಗ್ ಹಾಳೆಯ ಮೇಲೆ ಸೈಕಲ್ ಬಿಡಿಸು ಅಂದರೆ ನಾವೆಲ್ಲ ಮೊದಲು ಎರಡು ಚಕ್ರ ಬಿಡಿಸುತ್ತೇವೆ. ಪೆಡರ್ಸನ್ ಮೊದಲು ಯೋಚಿಸಿದ್ದು ಸೀಟಿನ ಬಗ್ಗೆ. ಈತನ ಸೈಕಲ್ಲಿನ ಕಥೆಯೂ ಬದುಕಿನ ಕಥೆಯೂ ಅಲ್ಲಿಂದಲೇ ತಿರುವು ಪಡೆದವು.

ಪೆಡರ್ಸನ್ ಹುಟ್ಟಿದ್ದು 1855ರಲ್ಲಿ, ರೋಸ್ಕಿಲ್ಡೆ ಪಟ್ಟಣದ ಹತ್ತಿರ ಫ್ಲೋಂಗ್ ಎಂಬ ಹಳ್ಳಿಯಲ್ಲಿ. ಹೊಲ, ದನ, ಹಾಲು ಇರುವ ಸೀಮೆ. ಆತನ ಮೊದಲ ಯಂತ್ರಗಳೂ ರೈತರ ಕೆಲಸಕ್ಕೆ ಬರುವಂಥವೇ. ಕಾಳು ಒಕ್ಕುವ ಯಂತ್ರದ ಮೇಲೆ ಕೆಲಸ ಮಾಡಿದ. ಆಮೇಲೆ ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರಕ್ಕೆ ಕೈ ಹಾಕಿದ. ಪಾತ್ರೆಯನ್ನು ಜೋರಾಗಿ ತಿರುಗಿಸಿದರೆ ಭಾರವಾದ ಹಾಲು ಹೊರ ಅಂಚಿಗೆ ಹೋಗುತ್ತೆ, ಹಗುರವಾದ ಕೆನೆ ನಡುವೆ ಉಳಿಯುತ್ತೆ. ತತ್ವ ಆಗಲೇ ಗೊತ್ತಿದ್ದದ್ದು. ಪೆಡರ್ಸನ್ ಅದಕ್ಕೆ ಒಳ್ಳೆಯ ರೂಪ ಕೊಟ್ಟ.

ಆ ಯಂತ್ರವನ್ನು ಇಂಗ್ಲೆಂಡಿನಲ್ಲಿ ಮಾರಲು ಮುಂದೆ ಬಂದದ್ದು ಗ್ಲಾಸ್ಟರ್‌ಶೈರ್ ಸೀಮೆಯ ಡರ್ಸ್ಲಿ ಎಂಬ ಸಣ್ಣ ಪಟ್ಟಣದ ಆರ್. ಎ. ಲಿಸ್ಟರ್ ಕಂಪನಿ. ಡೆನ್ಮಾರ್ಕಿನಿಂದ ಇಂಗ್ಲೆಂಡಿನ ಅರಮನೆಗೆ ಸೊಸೆಯಾಗಿ ಬಂದಿದ್ದ ರಾಜಕುಮಾರಿ ಅಲೆಕ್ಸಾಂಡ್ರಾಳ ಹೆಸರನ್ನೇ ಯಂತ್ರಕ್ಕೂ ಇಟ್ಟರು. ಯಂತ್ರ ಚೆನ್ನಾಗಿ ಓಡಿತು. 1893ರಲ್ಲಿ ಪೆಡರ್ಸನ್ ಕುಟುಂಬ ಸಮೇತ ಡರ್ಸ್ಲಿಗೆ ಬಂದು ನೆಲೆಸಿದ.

ಲಿಸ್ಟರ್ ಅಂದ ಕೂಡಲೇ ಮೆಕ್ಯಾನಿಕಲ್‌ನವರಿಗೆ ಏನೋ ಹೊಳೆದಿರಬೇಕು. ಹೌದು, ಅದೇ ಲಿಸ್ಟರ್. ನಮ್ಮ ಹಳ್ಳಿಗಳ ಹಿಟ್ಟಿನ ಗಿರಣಿಗಳಲ್ಲಿ, ಬಾವಿ ಪಂಪುಗಳಲ್ಲಿ ದೊಡ್ಡ ಫ್ಲೈವೀಲ್ ತಿರುಗಿಸುತ್ತಾ ಡುಗ್ ಡುಗ್ ಅನ್ನುತ್ತಿದ್ದ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್‌ಗಳ ಮೂಲ ಊರು ಡರ್ಸ್ಲಿಯೇ. ಅದರ ನಕಲುಗಳು ರಾಜ್‌ಕೋಟ್‌ನಲ್ಲಿ ತಯಾರಾಗಿ ದೇಶದ ತುಂಬ ಹೋದವು. ಪೆಡರ್ಸನ್ ಅಲ್ಲಿದ್ದದ್ದು ಈ ಎಂಜಿನ್ ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು.

ಈಗ ಸೈಕಲ್ಲಿಗೆ ಬರೋಣ. ಪೆಡರ್ಸನ್‌ಗೆ ಸೈಕಲ್ ತುಳಿಯೋದು ಇಷ್ಟ, ಆದರೆ ಅದರ ಸೀಟು ಸ್ವಲ್ಪವೂ ಇಷ್ಟವಿರಲಿಲ್ಲ. ಅಂದಿನ ರಸ್ತೆಗಳನ್ನು ನೆನೆಸಿಕೊಳ್ಳಿ, ಕಲ್ಲು, ಮಣ್ಣು, ಗಾಡಿ ಜಾಡು. ಚರ್ಮದ ಸೀಟು ಭಾರ, ಮೇಲಾಗಿ ಪ್ರತಿ ಕುಲುಕನ್ನೂ ನೇರವಾಗಿ ಬೆನ್ನಿಗೆ ದಾಟಿಸುತ್ತಿತ್ತು. ಪೆಡರ್ಸನ್ ಸೀಟಿನ ಬದಲು ಒಂದು ಜೋಲಿ ಹೆಣೆದ. ಮೀನಿನ ಬಲೆಯ ಹಾಗೆ ದಾರದ ಹೆಣಿಗೆ, ಆದರೆ ಬೇರೆ ಬೇರೆ ದಿಕ್ಕಿಗೆ ಬೇರೆ ಬೇರೆ ಬಿಗಿ. ತೂಕ ಸುಮಾರು 110 ಗ್ರಾಂ, ಅಂದರೆ ನಮ್ಮ ಮೊಬೈಲ್‌ಗಿಂತಲೂ ಕಡಿಮೆ. ಕಾಲು ಮೇಲೆ ಕೆಳಗೆ ಆದಂತೆ ಜೋಲಿಯೂ ಮೈಯ ಜೊತೆ ಸ್ವಲ್ಪ ಆ ಕಡೆ ಈ ಕಡೆ ವಾಲುತ್ತಿತ್ತು. ಕುಲುಕು ದಾರದಲ್ಲೇ ಎಷ್ಟೋ ಇಳಿದುಹೋಗುತ್ತಿತ್ತು.

ಸರಿ, ಸೀಟು ಸಿಕ್ಕಿತು. ಅದನ್ನು ಕಟ್ಟೋದು ಎಲ್ಲಿಗೆ? ಸಾಮಾನ್ಯ ಸೀಟಿಗೆ ಕೆಳಗೆ ಒಂದು ಕಂಬ ಇದ್ದರೆ ಸಾಕು. ಜೋಲಿಗೆ ಎರಡು ತುದಿ ಬೇಕು, ಮುಂದೊಂದು ಹಿಂದೊಂದು. ಬಿಗಿಯಾಗಿ ಕಟ್ಟಿದ ಹಗ್ಗದ ನಡುವೆ ಭಾರ ತೂಗುಹಾಕಿದರೆ ತುದಿಗಳ ಮೇಲೆ ಬೀಳುವ ಎಳೆತ ಎಷ್ಟು ಜಾಸ್ತಿ ಅನ್ನೋದನ್ನು ನಾವು ಮೆಕ್ಯಾನಿಕ್ಸ್‌ನಲ್ಲಿ ಲೆಕ್ಕ ಮಾಡಿದ್ದೇವೆ. ಹಗ್ಗ ಜೋತು ಬೀಳೋದು ಕಡಿಮೆಯಾದಷ್ಟೂ ಅಡ್ಡ ಎಳೆತ ಹೆಚ್ಚು. ಅಂದರೆ ಕೂತವನ ಭಾರ ಫ್ರೇಮಿನ ಮುಂದಿನ ತುದಿ ಹಿಂದಿನ ತುದಿ ಎರಡನ್ನೂ ಒಂದರ ಕಡೆಗೊಂದು ಎಳೆಯುತ್ತಲೇ ಇರುತ್ತೆ. ಡೈಮಂಡ್ ಫ್ರೇಮ್ ಈ ಕೆಲಸಕ್ಕಾಗಿ ಹುಟ್ಟಿದ್ದಲ್ಲ.

ಪೆಡರ್ಸನ್‌ಗೆ ಉತ್ತರ ಸಿಕ್ಕಿದ್ದು ಸೇತುವೆಯಲ್ಲಿ. ಅಮೆರಿಕದ ರೈಲು ಸೇತುವೆಗಳಲ್ಲಿ ಬಳಸುತ್ತಿದ್ದ ವಿಪಲ್-ಮರ್ಫಿ ಟ್ರಸ್ ಆತನ ಕಣ್ಣಿಗೆ ಬಿದ್ದಿತ್ತು. ಟ್ರಸ್‌ನ ಗುಣ ಸಿವಿಲ್‌ನವರಿಗೆ ಹೇಳಿಕೊಡಬೇಕಿಲ್ಲ. ಎಲ್ಲವೂ ತ್ರಿಕೋನ, ಭಾರ ಬೀಳೋದು ಜಾಯಿಂಟ್‌ಗಳಲ್ಲಿ, ಹಾಗಾಗಿ ಪ್ರತಿ ಸದಸ್ಯಕ್ಕೂ ಬರೀ ಎಳೆತ ಇಲ್ಲವೇ ಬರೀ ಒತ್ತಡ. ಬಾಗಿಸುವ ಬಲ ಬಹಳ ಕಡಿಮೆ. ಡೈಮಂಡ್ ಫ್ರೇಮಿನ ಮುಂದಿನ ಭಾಗ ಚತುರ್ಭುಜ, ಅದಕ್ಕೆ ಅಲ್ಲಿ ಕೊಳವೆಗಳೂ ಜಾಯಿಂಟ್‌ಗಳೂ ಬಾಗುವಿಕೆಯನ್ನೂ ತಾಳಬೇಕು, ದಪ್ಪ ಇರಲೇಬೇಕು. ಪೂರ್ತಿ ತ್ರಿಕೋನವಾದರೆ ಸಣ್ಣ ಕೊಳವೆ ಸಾಕು.

ಹಾಗೆ ಆತ ಬೆರಳಿನಷ್ಟು ಸಣ್ಣ ಕೊಳವೆಗಳನ್ನು ಜೋಡಿ ಜೋಡಿಯಾಗಿ ಬಳಸಿದ. ಹಿಂದಿನ ಚಕ್ರದ ಅಚ್ಚಿನಿಂದ, ಪೆಡಲ್ ಇರುವ ಜಾಗದಿಂದ ಹೊರಟ ಜೋಡಿಗಳು ಕೆಳಗೆ ಅಗಲವಾಗಿದ್ದು ಮೇಲೆ ಹೋಗಿ ಒಂದಾಗುತ್ತವೆ. ಮುಂದಿನ ಫೋರ್ಕ್ ಕೂಡ ಇದೇ ತರಹ, ಎತ್ತರದ ಒಂದು ತ್ರಿಕೋನ. ಪಕ್ಕದಿಂದ ನೋಡಿದರೂ ತ್ರಿಕೋನ, ಎದುರಿನಿಂದ ನೋಡಿದರೂ ತ್ರಿಕೋನ. ದೂರದಿಂದ ನೋಡಿದವರಿಗೆ ಎರಡು ಚಕ್ರದ ಮೇಲೆ ಯಾರೋ ಪುಟ್ಟ ಸೇತುವೆ ನಿಲ್ಲಿಸಿದ ಹಾಗೆ ಕಾಣುತ್ತೆ. ಮೊದಲ ಮಾದರಿಯನ್ನು ಆತ ಮಾಡಿದ್ದು ಮರದಲ್ಲಿ. ಟ್ರಸ್ ಲೆಕ್ಕ ಸರಿಯಿದ್ದರೆ ಮರವೂ ಮನುಷ್ಯನನ್ನು ಹೊರುತ್ತೆ, ಹೊತ್ತಿತು. 1893ರಲ್ಲಿ ಬ್ರಿಟನ್‌ನಲ್ಲಿ ಪೇಟೆಂಟ್ ಪಡೆದ.

ಡರ್ಸ್ಲಿಯಲ್ಲಿ ಉಕ್ಕಿನ ಕೊಳವೆಯಿಂದ ತಯಾರಾದ ಈ ಸೈಕಲ್‌ಗೆ ಡರ್ಸ್ಲಿ ಪೆಡರ್ಸನ್ ಅಂತ ಹೆಸರು ಬಂತು. ಹಗುರ, ಗಟ್ಟಿ, ಕೂತರೆ ಸುಖ. ಬಳಸಿದವರು ಬಿಡುತ್ತಿರಲಿಲ್ಲ. ಇಬ್ಬರು ತುಳಿಯುವ, ಅದಕ್ಕೂ ಹೆಚ್ಚು ಜನ ತುಳಿಯುವ ಮಾದರಿಗಳನ್ನೂ ಮಾಡಿದ. ಸೈನಿಕರು ಬೆನ್ನಿಗೆ ಹಾಕಿಕೊಂಡು ಹೋಗಬಹುದಾದ ಮಡಚುವ ಸೈಕಲ್ಲನ್ನೂ ಮಾಡಿದ. ತಲೆ ಸುಮ್ಮನೆ ಕೂರುವಂಥದ್ದೇ ಅಲ್ಲ.

ಆದರೆ ಮಾರುಕಟ್ಟೆಯಲ್ಲಿ ತೊಡಕು ಶುರುವಾಯಿತು. ಮೊದಲ ತೊಡಕು ಅಳತೆಯದ್ದು. ಡೈಮಂಡ್ ಫ್ರೇಮಿನಲ್ಲಿ ಅಣ್ಣನ ಸೈಕಲ್ಲನ್ನು ತಮ್ಮ ತುಳಿಯಬೇಕಾದರೆ ಒಂದು ಬೋಲ್ಟ್ ಸಡಿಲಿಸಿ ಸೀಟು ಇಳಿಸಿದರೆ ಆಯ್ತು. ಜೋಲಿಯ ಎರಡು ತುದಿಗಳು ಫ್ರೇಮಿಗೇ ಅಂಟಿಕೊಂಡಿವೆ, ಇಳಿಸೋದು ಏರಿಸೋದು ಅಷ್ಟು ಸುಲಭ ಅಲ್ಲ. ಅದಕ್ಕೆ ಫ್ರೇಮನ್ನೇ ಎಂಟು ಸೈಜುಗಳಲ್ಲಿ ಮಾಡಬೇಕಾಯಿತು. ಟೈಲರ್ ಹತ್ತಿರ ಪ್ಯಾಂಟು ಹೊಲಿಸಿದ ಹಾಗೆ ಅಳತೆ ನೋಡಿ ಕೊಳ್ಳಬೇಕು. ಅಂಗಡಿಯವನು ಒಂದು ಮಾದರಿ ತಂದು ಬಂದವರಿಗೆಲ್ಲ ಮಾರೋಣ ಅಂದರೆ ಆಗೋದಿಲ್ಲ. ಜಾಯಿಂಟ್‌ಗಳ ಸಂಖ್ಯೆಯೂ ಜಾಸ್ತಿ, ಕೈಕೆಲಸವೂ ಜಾಸ್ತಿ, ಹಾಗಾಗಿ ಬೆಲೆಯೂ ಜಾಸ್ತಿ. ಅದರ ಮೇಲೆ 1896ರ ಸುಮಾರಿಗೆ ಇಂಗ್ಲೆಂಡಿಗೆ ಹಿಡಿದಿದ್ದ ಸೈಕಲ್ ಹುಚ್ಚು ಬೇಗನೆ ಇಳಿದು, ಎಷ್ಟೋ ಕಂಪನಿಗಳು ಬಾಗಿಲು ಹಾಕಿದ ಕಾಲ ಅದು.

ಎರಡನೆಯ ತೊಡಕು ಗೇರಿನದ್ದು. ಪೆಡರ್ಸನ್ ಸುಮ್ಮನಿರದೆ ಹಿಂದಿನ ಚಕ್ರದ ಹಬ್ ಒಳಗೇ ಮೂರು ವೇಗದ ಗೇರ್ ಕೂರಿಸಿದ. ಹಾದಿ ಬೇರೆ. ಅದೇ ಹೊತ್ತಿಗೆ, 1902ರ ಸುಮಾರಿಗೆ, ನಾಟಿಂಗ್‌ಹ್ಯಾಮ್‌ನ ರಾಲಿ ಕಂಪನಿ ಬೆಂಬಲದಲ್ಲಿ ಸ್ಟರ್ಮಿ-ಆರ್ಚರ್ ಮೂರು ವೇಗದ ಹಬ್ ಬಂತು. ಅದರಲ್ಲಿ ಇದ್ದದ್ದು ಎಪಿಸೈಕ್ಲಿಕ್ ಗೇರ್, ನಡುವೆ ಸೂರ್ಯ, ಸುತ್ತ ಗ್ರಹಗಳು, ಹೊರಗೆ ಉಂಗುರ. ಪೆಡರ್ಸನ್ ಬಳಸಿದ್ದು ಕೌಂಟರ್‌ಶಾಫ್ಟ್, ನಮ್ಮ ಕಾರಿನ ಗೇರ್‌ಬಾಕ್ಸ್‌ನಲ್ಲಿರುವ ಹಾಗೆ ಪಕ್ಕದಲ್ಲಿ ಇನ್ನೊಂದು ಶಾಫ್ಟ್. ಯೋಚನೆ ತಪ್ಪಲ್ಲ. ಆದರೆ ಮೊದಲು ಹೊರಬಂದ ಹಬ್‌ಗಳು ತೊಂದರೆ ಕೊಟ್ಟವು. ತೊಂದರೆ ಸರಿಮಾಡುವ ಹೊತ್ತಿಗೆ ಜನ ಬೇರೆ ಕಡೆ ಹೋಗಿದ್ದರು. ಸ್ಟರ್ಮಿ-ಆರ್ಚರ್ ಬೇರೆ ಯಾವ ಸೈಕಲ್ಲಿಗಾದರೂ ಹೊಂದುತ್ತಿತ್ತು, ಅದೇ ಮುಂದೆ ಲೋಕದ ತುಂಬ ಹೋಯಿತು.

ಕೊನೆಗೆ ಸೈಕಲ್ ವ್ಯವಹಾರ ಲಿಸ್ಟರ್ ಕೈ ಸೇರಿತು. ಪೆಡರ್ಸನ್ ಹೆಸರು ಸೈಕಲ್ ಮೇಲೆ ಉಳಿಯಿತು, ಹಿಡಿತ ಉಳಿಯಲಿಲ್ಲ. ಸಾವಿರಾರು ಸೈಕಲ್ ತಯಾರಾದ ಮೇಲೆ, ಮೊದಲ ಮಹಾಯುದ್ಧದ ವರ್ಷಗಳಲ್ಲಿ ಅದರ ತಯಾರಿಕೆಯೂ ನಿಂತಿತು. ಪೆಡರ್ಸನ್ ಡರ್ಸ್ಲಿ ಬಿಟ್ಟ. ಕಡೆಗೆ ಬರಿಗೈಯಲ್ಲಿ ಡೆನ್ಮಾರ್ಕಿಗೆ ಮರಳಿದ. 1929ರಲ್ಲಿ ಬಡತನದಲ್ಲೇ ತೀರಿಕೊಂಡ. ಕೆನೆ ಯಂತ್ರದಿಂದ ಒಂದು ಕಂಪನಿ ಬೆಳೆಯಲು ಕಾರಣನಾದವನನ್ನು ಕೋಪನ್‌ಹೇಗನ್‌ನಲ್ಲಿ ಬಡವರ ಸಮಾಧಿಯಲ್ಲಿ ಹೂಳಲಾಯಿತು.

ಇಲ್ಲಿಗೆ ಮುಗಿದಿದ್ದರೆ ಇದು ಬರೀ ದುಃಖದ ಕಥೆ. ಸುಮಾರು ಐವತ್ತು ವರ್ಷ ಆದ ಮೇಲೆ, 1978ರಲ್ಲಿ, ಕೋಪನ್‌ಹೇಗನ್‌ನ ಕ್ರಿಸ್ಟಿಯಾನಿಯಾ ಎಂಬ ಬಡಾವಣೆಯಲ್ಲಿ ಯೆಸ್ಪರ್ ಸೋಲಿಂಗ್ ಎಂಬ ಕಮ್ಮಾರ ಆ ಹಳೇ ವಿನ್ಯಾಸವನ್ನು ಮತ್ತೆ ಕೈಗೆತ್ತಿಕೊಂಡ. ಮತ್ತೆ ಸಣ್ಣ ಕೊಳವೆ, ಮತ್ತೆ ತ್ರಿಕೋನ, ಮತ್ತೆ ಜೋಲಿ. ಈ ಸಲ ಹಿಂದಿನ ಚಕ್ರಕ್ಕೆ ಅಂಗಡಿಯಲ್ಲಿ ಸಿಗುವ ನಂಬಿಕಸ್ತ ಹಬ್ ಗೇರ್ ಹಾಕಿದರೆ ಸಾಕಿತ್ತು. ಇವತ್ತು ಯೂರೋಪಿನ ನಗರಗಳಲ್ಲಿ ಬೆನ್ನು ನೇರ ಮಾಡಿ ಆರಾಮಾಗಿ ಕೂತು ಆಫೀಸಿಗೆ ಹೋಗುವವರ ನಡುವೆ ಅಲ್ಲೊಂದು ಇಲ್ಲೊಂದು ಪೆಡರ್ಸನ್ ಕಾಣಸಿಗುತ್ತೆ. 1995ರಲ್ಲಿ ಅಭಿಮಾನಿಗಳು ಆತನ ಅಸ್ಥಿಗಳನ್ನು ಕೋಪನ್‌ಹೇಗನ್‌ನಿಂದ ತಂದು ಡರ್ಸ್ಲಿಯಲ್ಲಿ ಗೌರವದಿಂದ ಮಣ್ಣು ಮಾಡಿದರು.

ಇದನ್ನೆಲ್ಲ ಓದಿದ ಮೇಲೆ ನನ್ನನ್ನು ಕಾಡಿದ್ದು ಒಂದೇ ವಿಷಯ. ಪೆಡರ್ಸನ್ ಎಲ್ಲಿ ಗೆದ್ದ, ಎಲ್ಲಿ ಸೋತ? ಬಲಗಳ ಲೆಕ್ಕದಲ್ಲಿ ಆತ ಡೈಮಂಡ್ ಫ್ರೇಮಿಗಿಂತ ಮುಂದಿದ್ದ ಅನ್ನೋದರಲ್ಲಿ ಅನುಮಾನ ಇಲ್ಲ. ಸವಾರನ ಮೈಯಿಂದ ಶುರುಮಾಡಿದ್ದೂ ಸರಿಯೇ. ಆದರೆ ಆತನ ಫ್ರೀ ಬಾಡಿ ಡಯಾಗ್ರಮ್‌ನಲ್ಲಿ ಒಬ್ಬನೇ ಸವಾರ ಇದ್ದ. ಅಳತೆ ಹೊಂದದ ಎರಡನೆಯ ಸವಾರ, ಒಂದೇ ಮಾದರಿ ಇಟ್ಟುಕೊಳ್ಳಬೇಕಾದ ಅಂಗಡಿಯವನು, ಹಬ್ ಬಿಚ್ಚಿ ರಿಪೇರಿ ಮಾಡಬೇಕಾದ ಮೆಕ್ಯಾನಿಕ್, ಇವರಾರೂ ಇರಲಿಲ್ಲ. ಡೈಮಂಡ್ ಫ್ರೇಮ್ ಗೆದ್ದದ್ದು ಅತ್ಯುತ್ತಮ ಟ್ರಸ್ ಆಗಿದ್ದಕ್ಕಲ್ಲ, ಇವರೆಲ್ಲರಿಗೂ ಅಷ್ಟಷ್ಟು ಹೊಂದಿಕೊಂಡಿದ್ದಕ್ಕೆ.

ಮುಂದಿನ ಸೆಮಿಸ್ಟರ್‌ನಲ್ಲಿ ನಮ್ಮಲ್ಲಿ ಎಷ್ಟೋ ಜನ ಪ್ರಾಜೆಕ್ಟಿಗೆ ಏನಾದರೂ ಒಂದು ಮಾಡೆಲ್ ಮಾಡ್ತೀವಿ. ಲೆಕ್ಕ ಸರಿ ಬಂದ ದಿನ ಕೆಲಸ ಮುಗೀತು ಅಂತ ಅನ್ನಿಸುತ್ತೆ. ಆ ದಿನ ನಿಮ್ಮ ಹಾಸ್ಟೆಲ್ಲಿನ ಅತಿ ಎತ್ತರದ ಗೆಳೆಯನನ್ನೂ ಅತಿ ಗಿಡ್ಡ ಗೆಳೆಯನನ್ನೂ ಕರೆದು ಅದನ್ನು ಬಳಸಲು ಕೊಡಿ. ಗೇಟಿನ ಹತ್ತಿರದ ಸೈಕಲ್ ಅಂಗಡಿಯವರಿಗೆ ಒಮ್ಮೆ ತೋರಿಸಿ, ಇದನ್ನು ಬಿಚ್ಚಿ ಜೋಡಿಸೋಕಾಗುತ್ತಾ ಅಂತ ಕೇಳಿ. ಅವರು ತಲೆ ಅಲ್ಲಾಡಿಸಿದರೆ ಬೇಜಾರು ಮಾಡ್ಕೋಬೇಡಿ. ಡ್ರಾಯಿಂಗ್ ಹಾಳೆಯಲ್ಲಿ ಇನ್ನೂ ಜಾಗ ಇದೆ ಅಂತ ಅರ್ಥ, ಅಷ್ಟೆ.